ಆಕ್ಸೊಲಾಟಲ್ ಸಾಕೋ ಆಸೆಯೇ? ನಗುಮುಖ ಆಮೇಲೆ, ಮೊದಲು ನೀರಿನ ಬಿಸಿ ನೋಡಿ

ನಗುತ್ತಿರುವಂತೆ ಕಾಣುವ ಬಾಯಿ, ತಲೆಯ ಎರಡೂ ಪಕ್ಕ ಗರಿಯಂಥ ಕೆಂಪು ಕುಚ್ಚು, ಪುಟ್ಟ ಕೈಕಾಲು. ಮೊಬೈಲ್‌ನಲ್ಲಿ ರೀಲ್ಸ್ ನೋಡುವ ಮಕ್ಕಳಿಗೆ ಆಕ್ಸೊಲಾಟಲ್ ಎಂಬ ಈ ಪ್ರಾಣಿಯ ಪರಿಚಯ ಹೊಸದಲ್ಲ. 2021ರಲ್ಲಿ ಮೈನ್‌ಕ್ರಾಫ್ಟ್ ಗೇಮ್‌ಗೆ ಇದು ಸೇರಿದ ಮೇಲಂತೂ 'ನಮ್ಮನೆಗೂ ಒಂದು ಬೇಕು' ಅನ್ನುವ ಹಠ ಜಾಸ್ತಿ ಆಯಿತು. ಅಕ್ವೇರಿಯಂ ವ್ಯಾಪಾರದಲ್ಲಿ ಇದನ್ನು 'ವಾಕಿಂಗ್ ಫಿಶ್' ಅಂತ ಕರೆಯುವುದುಂಟು. ಆದರೆ ಇದು ಮೀನೇ ಅಲ್ಲ. ಮೀನು ಸಾಕಿದ ಹಾಗೆ ಸಾಕಲು ಹೋದರೆ ಒಂದು ಬೇಸಿಗೆ ದಾಟುವುದೂ ಕಷ್ಟ.

ಬೆಳೆದರೂ ಮರಿಯೇ

ಆಕ್ಸೊಲಾಟಲ್ ಕಪ್ಪೆಯ ದೂರದ ನೆಂಟ, ಸಾಲಮ್ಯಾಂಡರ್ ಜಾತಿಯ ಉಭಯಚರ. ಗೊದಮೊಟ್ಟೆಗೆ ಕಾಲು ಬಂದು, ಬಾಲ ಹೋಗಿ, ಅದು ಕಪ್ಪೆಯಾಗಿ ದಡ ಹತ್ತುವುದನ್ನು ಕೆರೆ ಬದಿಯಲ್ಲಿ ಎಲ್ಲರೂ ನೋಡಿರುತ್ತಾರೆ. ಆಕ್ಸೊಲಾಟಲ್ ಮಾತ್ರ ಆ ಕೊನೆಯ ಹಂತಕ್ಕೆ ಹೋಗುವುದೇ ಇಲ್ಲ. ದೇಹದಲ್ಲಿ ಥೈರಾಯ್ಡ್ ಹಾರ್ಮೋನು ಸಾಲದೆ ಮರಿಯ ರೂಪದಲ್ಲೇ ಬೆಳೆದು, ಅದೇ ರೂಪದಲ್ಲಿ ಮೊಟ್ಟೆಯನ್ನೂ ಇಡುತ್ತದೆ. ತಲೆಯ ಒಂದೊಂದು ಕಡೆ ಮೂರರಂತೆ ಇರುವ ಕುಚ್ಚುಗಳು ಅಲಂಕಾರ ಅಲ್ಲ, ಅವೇ ಕಿವಿರು. ರಕ್ತ ಹರಿಯುವುದರಿಂದ ಕೆಂಪಗೆ ಕಾಣುತ್ತವೆ. ಮುಂಗಾಲಿಗೆ ನಾಲ್ಕು ಬೆರಳು, ಹಿಂಗಾಲಿಗೆ ಐದು. ಕಣ್ಣಿಗೆ ರೆಪ್ಪೆ ಇಲ್ಲ, ಹಾಗಾಗಿ ಜೋರು ಲೈಟು ಕಂಡರೆ ಆಗದು. ಸಾಮಾನ್ಯವಾಗಿ 20ರಿಂದ 25 ಸೆಂಟಿಮೀಟರ್ ಉದ್ದ ಬೆಳೆಯುತ್ತದೆ. ಸರಿಯಾಗಿ ನೋಡಿಕೊಂಡರೆ 10-15 ವರ್ಷ ಬದುಕುತ್ತದೆ. ಇವತ್ತು ಹಠ ಮಾಡುವ ಮಗು ಕಾಲೇಜು ಮುಗಿಸುವ ತನಕ ಅಂತಿಟ್ಟುಕೊಳ್ಳಿ.

ಇನ್ನು ಬಣ್ಣ. ಹುಟ್ಟೂರಿನ ಆಕ್ಸೊಲಾಟಲ್ ಗುಲಾಬಿಯಲ್ಲ, ಕೆಸರಿನಲ್ಲಿ ಕಾಣದಂತೆ ಚುಕ್ಕೆಯಿರುವ ಕಂದು-ಹಸಿರು. ರೀಲ್ಸ್‌ನಲ್ಲಿ ಕಾಣುವ ಬಿಳಿ-ಗುಲಾಬಿಗೆ ಕಪ್ಪು ಕಣ್ಣು ಇರುತ್ತದೆ, ಅದು ಲ್ಯೂಸಿಸ್ಟಿಕ್. ಕಣ್ಣೂ ಕೆಂಪಾಗಿದ್ದರೆ ಅಲ್ಬಿನೊ. ಪೂರ್ತಿ ಕಪ್ಪಗಿರುವುದು ಮೆಲನಾಯ್ಡ್. 1860ರ ದಶಕದಲ್ಲಿ ಮೆಕ್ಸಿಕೋದಿಂದ ಪ್ಯಾರಿಸ್‌ಗೆ 34 ಆಕ್ಸೊಲಾಟಲ್‌ಗಳು ಹೋದವು, ಅವುಗಳಲ್ಲಿ ಒಂದು ಬಿಳಿ. ಇಂದಿನ ಬಿಳಿ ಸಂತತಿಯ ಮೂಲ ಅಲ್ಲಿದೆ. ಬಣ್ಣ ಬೇರೆಯಾದರೂ ಆರೈಕೆ ಒಂದೇ. ಬಣ್ಣದ ಹೆಸರಲ್ಲಿ ರೇಟು ಏರಿಸಿದರೆ ಅದು ಬರೀ ವ್ಯಾಪಾರ.

18 ಡಿಗ್ರಿಯ ಕಥೆ

ಇದರ ಮನೆ ಮೆಕ್ಸಿಕೋ ಸಿಟಿಯ ಸೊಚಿಮಿಲ್ಕೊ ಎಂಬ ಕೆರೆ-ಕಾಲುವೆಗಳ ಪ್ರದೇಶ. ಸಮುದ್ರಮಟ್ಟದಿಂದ 2,200 ಮೀಟರ್‌ಗಿಂತ ಎತ್ತರ, ವರ್ಷವಿಡೀ ತಂಪು ನೀರು. ಇದಕ್ಕೆ ಹಿತವಾದದ್ದು 16ರಿಂದ 18 ಡಿಗ್ರಿ. 24 ದಾಟಿದರೆ ಒತ್ತಡ ಶುರು, ಅದಕ್ಕಿಂತ ಮೇಲೆ ಹಲವು ದಿನ ಇದ್ದರೆ ಜೀವಕ್ಕೇ ಸಂಚಕಾರ. ಬಿಸಿ ನೀರಿನಲ್ಲಿ ಆಮ್ಲಜನಕ ಕಡಿಮೆ, ಆದರೆ ಬಿಸಿಗೆ ಪ್ರಾಣಿಯ ದೇಹ ಕೇಳುವುದು ಹೆಚ್ಚು. ಹೊಟ್ಟೆಗೆ ಹೋದದ್ದು ಜೀರ್ಣವಾಗುವುದಿಲ್ಲ, ಕಿವಿರಿಗೆ ಹತ್ತಿಯಂಥ ಬಿಳಿ ಬೂಷ್ಟು ಹಿಡಿಯುತ್ತದೆ.

ನಮ್ಮ ಬಯಲುಸೀಮೆಯಲ್ಲಿ ಏಪ್ರಿಲ್-ಮೇ ತಿಂಗಳಲ್ಲಿ ಮನೆಯೊಳಗಿನ ತೊಟ್ಟಿ ನೀರೇ 28-30 ಡಿಗ್ರಿ ಆಗಿರುತ್ತದೆ. ನೀರಿನ ಮೇಲೆ ಫ್ಯಾನ್ ಬೀಸಿದರೆ ಎರಡು-ಮೂರು ಡಿಗ್ರಿ ಇಳಿದೀತು, ಅಷ್ಟೇ. ಐಸ್ ಬಾಟಲಿ ಬಿಟ್ಟರೆ ನೀರು ತಣ್ಣಗಾಗಿ ಮತ್ತೆ ಬಿಸಿಯಾಗುತ್ತದೆ, ಆ ಏರಿಳಿತವೇ ಪ್ರಾಣಿಗೆ ಇನ್ನೊಂದು ಹಿಂಸೆ. ಸರಿಯಾದ ದಾರಿ ಅಕ್ವೇರಿಯಂ ಚಿಲ್ಲರ್. ಅನೇಕ ಸಲ ಅದರ ಬೆಲೆ ಪ್ರಾಣಿಯ ಬೆಲೆಗಿಂತ ಜಾಸ್ತಿ. ಕರೆಂಟು ಹೋದರೆ ಅದೂ ನಿಲ್ಲುತ್ತದೆ, ಹಾಗಾಗಿ ಮಧ್ಯಾಹ್ನದ ಹೊತ್ತು ಗಂಟೆಗಟ್ಟಲೆ ಕರೆಂಟು ತೆಗೆಯುವ ಊರುಗಳಲ್ಲಿ ಯುಪಿಎಸ್ ಲೆಕ್ಕವನ್ನೂ ಹಾಕಬೇಕು. ಅಂಗಡಿಯವರು ಈ ಖರ್ಚನ್ನು ಮೊದಲೇ ಹೇಳಿದರೆ ಒಳ್ಳೆಯದು. ಹೇಳದೆ ಮಾರಿದರೆ ಮೇ ತಿಂಗಳಲ್ಲಿ ಗಿರಾಕಿ ಜಗಳಕ್ಕೆ ಬರುತ್ತಾನೆ.

ಸಮಾಧಾನದ ವಿಷಯವೂ ಒಂದಿದೆ. ಗಡಸು ನೀರು ಆಕ್ಸೊಲಾಟಲ್‌ಗೆ ಒಗ್ಗುತ್ತದೆ. ನಮ್ಮ ಬೋರ್‌ವೆಲ್ ನೀರು ಗಡಸು ಅನ್ನುವುದು ಇಲ್ಲಿ ದೋಷವಲ್ಲ. ಬರೀ ಆರ್‌ಓ ನೀರು ಹಾಕುವುದೇ ತಪ್ಪು. ನಲ್ಲಿ ನೀರಾದರೆ ಕ್ಲೋರಿನ್ ತೆಗೆಯುವ ದ್ರಾವಣ ಹಾಕಲೇಬೇಕು.

ಒಂದು ಪ್ರಾಣಿಗೆ ಕನಿಷ್ಠ 75 ಲೀಟರ್ ತೊಟ್ಟಿ ಬೇಕು. ಎತ್ತರಕ್ಕಿಂತ ಉದ್ದ ಮುಖ್ಯ, ಯಾಕೆಂದರೆ ಇದು ತಳದಲ್ಲಿ ನಡೆದಾಡುವ ಜೀವಿ. ಹೊರಗೆ ಜಿಗಿಯುವುದೂ ಉಂಟು, ಮುಚ್ಚಳ ಇರಲಿ. ಪ್ರಾಣಿ ತರುವ ಒಂದೂವರೆ ತಿಂಗಳು ಮುಂಚೆಯೇ ಫಿಲ್ಟರ್ ಓಡಿಸಿ, ಅಮೋನಿಯಾ ತಿನ್ನುವ ಬ್ಯಾಕ್ಟೀರಿಯಾ ಬೆಳೆಯಲು ಬಿಡಬೇಕು. ಟೆಸ್ಟ್ ಕಿಟ್‌ನಲ್ಲಿ ಅಮೋನಿಯಾ, ನೈಟ್ರೈಟ್ ಎರಡೂ ಸೊನ್ನೆ ಬರುವ ತನಕ ಕಾಯಿರಿ. ಫಿಲ್ಟರ್‌ನ ನೀರು ರಭಸವಾಗಿ ಬೀಳಬಾರದು. ಕಿವಿರು ಮುಂದಕ್ಕೆ ಬಾಗಿದರೆ, ಬಾಲದ ತುದಿ ಸುರುಳಿ ಸುತ್ತಿದರೆ ನೀರಿನಲ್ಲಿ ಏನೋ ಸರಿಯಿಲ್ಲ ಅಂತ ತಿಳಿಯಿರಿ.

ಬಾಯಿಗೆ ಹಿಡಿಸಿದ್ದೆಲ್ಲ ಹೊಟ್ಟೆಗೆ

ಕಣ್ಣು ಮಂದ, ಮೂಗು ಚುರುಕು. ಆಹಾರ ಹತ್ತಿರ ಬಂದಾಗ ಗಬಕ್ಕನೆ ಬಾಯಿ ತೆರೆದು ನೀರಿನ ಸಮೇತ ಎಳೆದುಕೊಳ್ಳುತ್ತದೆ. ಹಲ್ಲು ಹೆಸರಿಗಷ್ಟೇ, ಅಗಿಯುವುದಿಲ್ಲ. ಈ ಅಭ್ಯಾಸದಿಂದಲೇ ತಳದ ಬಣ್ಣದ ಕಲ್ಲೂ ಒಳಗೆ ಹೋಗಿ, ಕರುಳು ಕಟ್ಟಿ ಸಾಯುವುದುಂಟು. ಕಲ್ಲು ಬೇಡವೇ ಬೇಡ. ನುಣ್ಣನೆಯ ಮರಳು ಹಾಕಿ, ಇಲ್ಲವೇ ಬರಿಗಾಜು ಬಿಡಿ.

ಇದಕ್ಕೆ ಅತ್ಯುತ್ತಮ ಊಟ ಎರೆಹುಳು. ಆದರೆ ಎಲ್ಲ ಎರೆಹುಳುವೂ ಒಂದೇ ಅಲ್ಲ. ಗೊಬ್ಬರದ ತೊಟ್ಟಿಗಳಲ್ಲಿ ಸಾಕುವ ಸಣ್ಣ ಕೆಂಪು ಹುಳು ಕಹಿಯಾದ ದ್ರವ ಬಿಡುತ್ತದೆ, ಬಹಳಷ್ಟು ಆಕ್ಸೊಲಾಟಲ್‌ಗಳು ಉಗಿದುಬಿಡುತ್ತವೆ. ಎರೆಗೊಬ್ಬರ ಮಾಡುವವರಲ್ಲಿ ಸಿಗುವ ದಪ್ಪನೆಯ ಆಫ್ರಿಕನ್ ಹುಳು ಇದಕ್ಕಿಂತ ವಾಸಿ. ತೊಳೆದು, ದೊಡ್ಡದಿದ್ದರೆ ತುಂಡು ಮಾಡಿ ಕೊಡಬೇಕು. ಔಷಧಿ ಹೊಡೆದ ಹೊಲದ ಹುಳು ಕೊಡಬೇಡಿ. ಮುಳುಗುವ ಪೆಲೆಟ್, ಫ್ರೀಜ್ ಮಾಡಿದ ಬ್ಲಡ್‌ವರ್ಮ್ ಕೂಡ ನಡೆಯುತ್ತದೆ. ಕೋಳಿ, ಕುರಿ ಮಾಂಸ ಬೇಡ. ಮರಿಗೆ ದಿನಾ ಊಟ, ಬೆಳೆದದ್ದಕ್ಕೆ ವಾರಕ್ಕೆ ಎರಡು-ಮೂರು ಸಲ ಸಾಕು. ಹೊಟ್ಟೆಯ ಅಗಲ ತಲೆಯ ಅಗಲದಷ್ಟಿದ್ದರೆ ಅಳತೆ ಸರಿ ಇದೆ. ಉಳಿದದ್ದನ್ನು ಅವತ್ತೇ ತೆಗೆಯಿರಿ.

ಜೊತೆಗೆ ಮೀನು ಬಿಡುವ ಆಸೆ ಬೇಡ. ಸಣ್ಣ ಮೀನನ್ನು ಇದು ನುಂಗುತ್ತದೆ, ದೊಡ್ಡ ಮೀನು ಇದರ ಕಿವಿರು ಕಚ್ಚುತ್ತದೆ. ಮರಿಗಳಂತೂ ಹಸಿವಾದರೆ ಒಂದರ ಕಾಲು ಒಂದು ಕಚ್ಚಿಕೊಳ್ಳುತ್ತವೆ. ಹೋದ ಕಾಲು ಎಲುಬಿನ ಸಮೇತ ಮತ್ತೆ ಬೆಳೆಯುತ್ತದೆ ಅನ್ನುವುದು ನಿಜ. ವಿಜ್ಞಾನಿಗಳು ಇದರ ಹಿಂದೆ ಬಿದ್ದಿರುವುದೂ ಅದಕ್ಕೇ. 2018ರಲ್ಲಿ ಇದರ ಜೀನೋಮ್ ಓದಿದಾಗ ಅದು ಮನುಷ್ಯನದಕ್ಕಿಂತ ಹತ್ತು ಪಟ್ಟು ದೊಡ್ಡದು ಅಂತ ಗೊತ್ತಾಯಿತು. ಹಾಗಂತ ಕೈಯಲ್ಲಿ ಹಿಡಿದು ಆಡಿಸುವಂತಿಲ್ಲ, ಚರ್ಮ ಬಹಳ ನಾಜೂಕು.

ಕಾಗದಪತ್ರ ಬೇಕು

ಮೆಕ್ಸಿಕೋದ 50 ಪೆಸೊ ನೋಟಿನ ಮೇಲೆ ಇದರ ಚಿತ್ರವಿದೆ, ಆದರೆ ಕೆರೆಯಲ್ಲಿ ಪ್ರಾಣಿಯೇ ಅಪರೂಪ. ಸೊಚಿಮಿಲ್ಕೊದಲ್ಲಿ 1998ರ ಗಣತಿಯಲ್ಲಿ ಚದರ ಕಿಲೋಮೀಟರ್‌ಗೆ ಸುಮಾರು 6,000 ಇದ್ದವು, 2014ರ ಹೊತ್ತಿಗೆ 36ಕ್ಕೆ ಇಳಿದವು. ಕೊಳಚೆ ನೀರು, ಹೊರಗಿನಿಂದ ತಂದು ಬಿಟ್ಟ ಕಾರ್ಪ್, ತಿಲಾಪಿಯಾ ಮೀನುಗಳು ಇದಕ್ಕೆ ಕಾರಣ. ಅಂಗಡಿಗೆ ಬರುವವು ತೊಟ್ಟಿಯಲ್ಲೇ ಹುಟ್ಟಿದವು. ಆದರೂ ಅಂತರರಾಷ್ಟ್ರೀಯ ವ್ಯಾಪಾರಕ್ಕೆ ನಿಯಂತ್ರಣವಿರುವ ಸೈಟಿಸ್ ಪಟ್ಟಿಯಲ್ಲಿ ಇದರ ಹೆಸರಿದೆ.

2022ರಲ್ಲಿ ತಿದ್ದುಪಡಿಯಾದ ವನ್ಯಜೀವಿ ಸಂರಕ್ಷಣಾ ಕಾಯ್ದೆಯ ಪ್ರಕಾರ ಈ ಪಟ್ಟಿಯ ಜೀವಂತ ಪ್ರಾಣಿ ಸಾಕುವವರು ಅದನ್ನು ನೋಂದಾಯಿಸಬೇಕು. 2024ರ ನಿಯಮದಂತೆ ಇದು ಪರಿವೇಶ್ ಪೋರ್ಟಲ್ ಮೂಲಕ ಆಗುತ್ತದೆ. ಬೇರೆಯವರಿಗೆ ಕೊಟ್ಟರೆ, ಮರಿಯಾದರೆ, ಸತ್ತರೆ ಅದನ್ನೂ ತಿಳಿಸಬೇಕು. ಕೊಳ್ಳುವವರು ಅಂಗಡಿಯಲ್ಲಿ ನೋಂದಣಿ ಕಾಗದ ಕೇಳಿ, ಬಿಲ್ ಪಡೆಯಿರಿ. ಸಾಕಲಾಗದೆ ಹೋದರೆ ಊರ ಕೆರೆಗೆ ಬಿಡುವಂತಿಲ್ಲ, ತಿಳಿದವರಿಗೆ ದಾಖಲೆ ಸಮೇತ ವರ್ಗಾಯಿಸಬಹುದು. ಅನುಮಾನವಿದ್ದರೆ ಹತ್ತಿರದ ಅರಣ್ಯ ಇಲಾಖೆ ಕಚೇರಿಯಲ್ಲಿ ವಿಚಾರಿಸಿ.