ಕೂಲಿಯೋ, ಗೌರವಧನವೋ?

ಅಕ್ಕಾ, ದುಡಿದದ್ದಕ್ಕೆ ಸಿಗುವ ಹಣಕ್ಕೆ ಎಷ್ಟೊಂದು ಹೆಸರು ನೋಡಿ. ಗದ್ದೆಯಲ್ಲಿ ಕಳೆ ಕಿತ್ತರೆ ಕೂಲಿ. ಆಫೀಸಿನಲ್ಲಿ ಕೂತು ಬರೆದರೆ ಸಂಬಳ. ಅಂಗನವಾಡಿಯಲ್ಲಿ ಮಕ್ಕಳನ್ನು ನೋಡಿಕೊಂಡರೆ ಗೌರವಧನ.

ಹೆಸರು ಯಾವುದಾದರೇನು, ದುಡ್ಡು ಬಂದರೆ ಸಾಕು ಅಂತೀರಾ? ಹಾಗಲ್ಲ. ಕೆಲಸಕ್ಕೆ ಯಾವ ಹೆಸರೋ, ಅದಕ್ಕೆ ತಕ್ಕ ಬೆಲೆ.

ಬೀಡಿ ಕಟ್ಟುವ ಕೆಲಸ ನೋಡೋಣ. ದಕ್ಷಿಣ ಕನ್ನಡದಲ್ಲಿ, ತುಮಕೂರಿನಲ್ಲಿ ಸಾವಿರಾರು ಹೆಂಗಸರು ಮನೆಯಲ್ಲೇ ಬೀಡಿ ಕಟ್ಟುತ್ತಾರೆ. ಗುತ್ತಿಗೆದಾರ ಎಲೆ, ಹೊಗೆಸೊಪ್ಪು, ನೂಲು ಕೊಡುತ್ತಾನೆ. ಎಲೆ ನೆನೆಸಬೇಕು. ಕತ್ತರಿಸಬೇಕು. ಸುತ್ತಬೇಕು. ನೂಲು ಕಟ್ಟಬೇಕು. ಸಾವಿರ ಬೀಡಿಗೆ ಇಷ್ಟು ಅಂತ ಮಜೂರಿ. ಸರಿಯಿಲ್ಲ ಅಂತ ತೆಗೆದುಹಾಕಿದ ಬೀಡಿಗೆ ದುಡ್ಡಿಲ್ಲ.

"ಮನೇಲಿ ಕೂತು ಬಿಡುವಿನಲ್ಲಿ ಮಾಡೋ ಕೆಲಸ ತಾನೇ?" ಅಂತಾರೆ. ಈ ಮಾತಿನಿಂದ ಯಾರಿಗೆ ಲಾಭ? ಮಾಲೀಕನಿಗೆ ಕಾರ್ಖಾನೆ ಕಟ್ಟಿಸುವ ಖರ್ಚಿಲ್ಲ. ಜಾಗ ನಮ್ಮದು. ದೀಪ ನಮ್ಮದು. ಬೆನ್ನುನೋವು, ಕೆಮ್ಮು ನಮ್ಮದು. ಬಂಡವಾಳ ಹಾಕಿದವರು ಖರ್ಚು ಇಳಿಸಿ ಲಾಭ ಏರಿಸಲು ನೋಡುತ್ತಾರೆ. ದುಡಿಮೆಯನ್ನು 'ಬಿಡುವಿನ ಕೆಲಸ' ಅಂದುಬಿಟ್ಟರೆ ಕಡಿಮೆ ಕೊಡುವುದು ಸುಲಭ.

1966ರಲ್ಲಿ ಬೀಡಿ ಕಾರ್ಮಿಕರಿಗಾಗಿ ಒಂದು ಕಾಯ್ದೆ ಬಂತು. ಮನೆಯಲ್ಲಿ ಬೀಡಿ ಕಟ್ಟುವವರೂ ಕಾರ್ಮಿಕರೇ ಅಂತ ಅದರಲ್ಲಿ ಬರೆದರು. ಮಾಲೀಕರು ಕೋರ್ಟಿಗೆ ಹೋದರು. 1974ರಲ್ಲಿ ಸುಪ್ರೀಂ ಕೋರ್ಟು ಕಾಯ್ದೆಯನ್ನು ಎತ್ತಿಹಿಡಿಯಿತು. ಎಲೆ ಅದೇ, ಬೆರಳು ಅದೇ. ಬದಲಾದದ್ದು ಒಂದು ಮಾತು. 'ಕಾರ್ಮಿಕರು' ಅಂತ ಬರೆದದ್ದರಿಂದ ಹೆರಿಗೆ ಸೌಲಭ್ಯ ಕೇಳುವ ಹಕ್ಕು ಬಂತು.

ಇನ್ನು ಅಂಗನವಾಡಿ. ಈ ಯೋಜನೆ 1975ರ ಅಕ್ಟೋಬರ್ 2ರಂದು ಶುರುವಾಯಿತು. ಅಂಗನವಾಡಿ ಕಾರ್ಯಕರ್ತೆ ಮಕ್ಕಳಿಗೆ ಊಟ ಕೊಡುತ್ತಾಳೆ. ತೂಕ ನೋಡುತ್ತಾಳೆ. ಪಾಠ ಹೇಳುತ್ತಾಳೆ. ಬಸುರಿ, ಬಾಣಂತಿಯರ ಲೆಕ್ಕ ಬರೆಯುತ್ತಾಳೆ. ಆದರೂ ಇದನ್ನು 'ಸೇವೆ' ಅಂದರು. ಕೊಡುವ ಹಣಕ್ಕೆ 'ಗೌರವಧನ' ಅಂದರು.

ಗೌರವ ಒಳ್ಳೆಯ ಮಾತೇ. ಆದರೆ ಗೌರವಧನ ಅಂದಮೇಲೆ ಕನಿಷ್ಠ ಕೂಲಿ ಕೇಳುವುದು ಹೇಗೆ? ಕರ್ನಾಟಕದ ಒಂದು ಮೊಕದ್ದಮೆ ಸುಪ್ರೀಂ ಕೋರ್ಟಿನ ತನಕ ಹೋಯಿತು. ಅಂಗನವಾಡಿ ಕಾರ್ಯಕರ್ತೆಯರದು ಸರ್ಕಾರಿ ಹುದ್ದೆಯಲ್ಲ ಅಂತ 2006ರಲ್ಲಿ ತೀರ್ಪು ಬಂತು.

ಹೆಂಗಸರು ಸುಮ್ಮನಾಗಲಿಲ್ಲ. ಸಂಘ ಕಟ್ಟಿದರು. ಬಿಸಿಲಲ್ಲಿ ರಸ್ತೆಯಲ್ಲಿ ಕೂತರು. ಗುಜರಾತಿನ ಕಾರ್ಯಕರ್ತೆಯರು ಗ್ರಾಚ್ಯುಟಿ ಕೇಳಿ ಕೋರ್ಟಿಗೆ ಹೋದರು. ಗ್ರಾಚ್ಯುಟಿ ಅಂದರೆ ವರ್ಷಾನುಗಟ್ಟಲೆ ದುಡಿದು ಕೆಲಸ ಬಿಡುವಾಗ ಸಿಗುವ ಇಡಿಗಂಟು. 2022ರ ಏಪ್ರಿಲ್‌ನಲ್ಲಿ ಸುಪ್ರೀಂ ಕೋರ್ಟು ಹೇಳಿತು: ಈ ಗೌರವಧನವೂ ವೇತನವೇ. ಗ್ರಾಚ್ಯುಟಿ ಕೊಡಬೇಕು.

ನೋಡಿದಿರಾ? ಹೆಸರು ಆಕಾಶದಿಂದ ಬೀಳುವುದಿಲ್ಲ. ಕಾಯ್ದೆ ಮಾಡುವವರು ಬರೆಯುತ್ತಾರೆ. ಅವರನ್ನು ಆರಿಸಿ ಕಳಿಸುವವರು ನಾವು. ನಾವು ಒಟ್ಟಾಗಿ ಕೇಳಿದರೆ ಬರೆದದ್ದೂ ಬದಲಾಗುತ್ತದೆ. ಇದೇ ರಾಜಕೀಯ.

2025ರ ನವೆಂಬರ್ 21ರಿಂದ ಹಳೆಯ ಬೀಡಿ ಕಾಯ್ದೆ, ಗ್ರಾಚ್ಯುಟಿ ಕಾಯ್ದೆಗಳ ಜಾಗಕ್ಕೆ ಹೊಸ ಕಾರ್ಮಿಕ ಸಂಹಿತೆಗಳು ಬಂದಿವೆ. ಅದರಲ್ಲಿ ನಮ್ಮ ಕೆಲಸಕ್ಕೆ ಏನು ಹೆಸರು? ಸಂಘದಲ್ಲಿ ಕೇಳಿ ತಿಳಿಯಬೇಕು.

ಮೊದಲು ನಾವು ಹೆಬ್ಬೆಟ್ಟು ಒತ್ತುತ್ತಿದ್ದೆವು. ಮೇಲೆ ಏನು ಬರೆದಿದೆ ಅಂತ ಗೊತ್ತಿರಲಿಲ್ಲ. ಈಗ ಓದಲು ಬರುತ್ತದೆ. ಸಹಿ ಹಾಕುವ ಮೊದಲು ಓದೋಣ. ನಮ್ಮ ಹೆಸರಿನ ಜೊತೆಗೆ ನಮ್ಮ ಕೆಲಸದ ಹೆಸರನ್ನೂ ಓದೋಣ.

ಕೂತು ಮಾತಾಡಿ:
ನಿಮ್ಮ ಊರಲ್ಲಿ ಹೆಣ್ಣಾಳಿಗೆ ಎಷ್ಟು ಕೂಲಿ? ಗಂಡಾಳಿಗೆ ಎಷ್ಟು?
ಮನೆಯಲ್ಲಿ ಮಾಡುವ ಅಡುಗೆಗೆ ಬೆಲೆ ಇಲ್ಲ. ಹೋಟೆಲಿನಲ್ಲಿ ಅದೇ ಅಡುಗೆಗೆ ಬೆಲೆ ಇದೆ. ಯಾಕೆ?