ಹಣೆಬರಹವೂ ಕೈಬರಹವೂ

ಪರೀಕ್ಷೆಯ ಫಲಿತಾಂಶ ಪ್ರಕಟವಾದ ದಿನ ಶಾಲೆಯ ಜಗಲಿಯಲ್ಲಿ ಎರಡು ಬಗೆಯ ಮಾತುಗಳು ಕಿವಿಗೆ ಬೀಳುತ್ತವೆ. "ಅವನ ಹಣೆಯಲ್ಲಿ ಬರೆದಿರಬೇಕಲ್ಲ!" ಎಂಬುದೊಂದು. "ಗಣಿತದಲ್ಲಿ ಎಲ್ಲಿ ಎಡವಿದೆ, ನೋಡೋಣ" ಎಂಬುದಿನ್ನೊಂದು. ಇವುಗಳ ನಡುವಣ ಅಂತರವನ್ನು ಅಮೆರಿಕದ ಮನಃಶಾಸ್ತ್ರಜ್ಞ ಜೂಲಿಯನ್ ರಾಟರ್ 1966ರ ಪ್ರಬಂಧವೊಂದರಲ್ಲಿ ಶಾಸ್ತ್ರೀಯವಾಗಿ ವಿವೇಚಿಸಿದರು. ಬಾಳಿನ ಆಗುಹೋಗುಗಳಿಗೆ ತನ್ನ ಪ್ರಯತ್ನವೇ ಮುಖ್ಯ ಕಾರಣವೆಂದು ನಂಬಿದವನ ನಿಯಂತ್ರಣಕೇಂದ್ರವು ಒಳಗಿದೆ. ಎಲ್ಲವೂ ಅದೃಷ್ಟದ ಅಥವಾ ಅನ್ಯರ ಕೈಯಲ್ಲಿದೆಯೆಂದು ತಿಳಿದವನದು ಹೊರಗಿದೆ. ನಮ್ಮಲ್ಲಿ ಹೆಚ್ಚಿನವರು ಈ ಎರಡು ತುದಿಗಳ ನಡುವೆ ಇರುವವರು.

ತಂದೆತಾಯಿಗಳ ಈ ನಂಬುಗೆಗೂ ಮಕ್ಕಳ ಸ್ವಭಾವಕ್ಕೂ ನಂಟುಂಟೆ? ಇಂಗ್ಲೆಂಡಿನ ಬ್ರಿಸ್ಟಲ್ ಪ್ರದೇಶದಲ್ಲಿ 1991-92ರಲ್ಲಿ ಜನಿಸಲಿದ್ದ ಮಕ್ಕಳ ಕುಟುಂಬಗಳನ್ನು ವಿದ್ವಾಂಸರು ದೀರ್ಘಕಾಲ ಅನುಸರಿಸಿ ನೋಡಿದ್ದಾರೆ. ಅದರಲ್ಲಿ ಸೇರಿದ ಗರ್ಭಿಣಿಯರು 14,000ಕ್ಕೂ ಮಿಕ್ಕಿದವರು. ಮಗು ಹುಟ್ಟುವ ಮುನ್ನವೇ ಪಾಲಕರಿಗೆ ಪ್ರಶ್ನಾವಳಿಯನ್ನು ಕೊಡಲಾಗಿತ್ತು. ಮಗುವಿಗೆ ಆರು ವರ್ಷವಾದಾಗ ಮತ್ತೊಮ್ಮೆ. ಒಳಗೇಂದ್ರದ ಪಾಲಕರ ಮಕ್ಕಳಲ್ಲಿ ನಡತೆಯ ತೊಡಕುಗಳು ಸರಾಸರಿಯಲ್ಲಿ ಕಡಮೆಯಾಗಿ ಕಂಡುಬಂದುವು. ಸೋಜಿಗವೆಂದರೆ, ಆ ಆರು ವರ್ಷಗಳಲ್ಲಿ ನಂಬುಗೆಯನ್ನು ಹೊರಗಿನಿಂದ ಒಳಕ್ಕೆ ತಿರುಗಿಸಿಕೊಂಡವರ ಮಕ್ಕಳಲ್ಲಿಯೂ ಒಳ್ಳೆಯ ಫಲವೇ ತೋರಿತು. ಇದನ್ನು ಕಾರ್ಯಕಾರಣವೆಂದು ಸಾಧಿಸಿಬಿಡಲಾಗದು. ಬಡತನ, ವಿದ್ಯೆ, ವಂಶಗುಣ ಇವುಗಳೂ ಇದರಲ್ಲಿ ಹೆಣೆದುಕೊಂಡಿರುತ್ತವೆ.

ಎಲ್ಲವೂ ನಮ್ಮ ಕೈಯಲ್ಲಿದೆ ಎಂದೇನೂ ನಾನು ಹೇಳುತ್ತಿಲ್ಲ. ಕಾಸರಗೋಡಿನ ಅಡಕೆ ಬೆಳೆಗಾರರಿಗೆ ಇದನ್ನು ವಿವರಿಸಬೇಕಾಗಿಯೇ ಇಲ್ಲ. ಆಷಾಢದ ಮಳೆ ಯಾರ ಮಾತನ್ನೂ ಕೇಳದು. ಆದರೆ ಮಹಾಳಿ ಬರುವ ಮೊದಲೇ ಮೈಲುತುತ್ತು-ಸುಣ್ಣದ ದ್ರಾವಣವನ್ನು ಗೊನೆಗಳಿಗೆ ಸಿಂಪಡಿಸುವುದು ನಮ್ಮ ಕೈಯಲ್ಲಿದೆ. ತಂದೆ ಮೋಡ ನೋಡಿ ನಿಟ್ಟುಸಿರಿಡುವುದನ್ನೂ ಮಗ ನೋಡುತ್ತಾನೆ, ದ್ರಾವಣ ಕಲಸುವುದನ್ನೂ ನೋಡುತ್ತಾನೆ.

ಇಲ್ಲೊಂದು ಎಚ್ಚರಿಕೆ ಅಗತ್ಯ. ಒಳಗೇಂದ್ರವೆಂದರೆ ಮಕ್ಕಳ ಮೇಲೆ ದಬ್ಬಾಳಿಕೆಯಲ್ಲ. ಮಗನ ಲೆಕ್ಕವನ್ನು ತಾನೇ ಮಾಡಿಕೊಟ್ಟು ಕಳುಹಿಸುವ ತಂದೆ (ಅಕ್ಷರ ನೋಡಿದೊಡನೆ ನಮಗೆ ತಿಳಿಯುತ್ತದೆ!) ಮಗನ ಕೇಂದ್ರವನ್ನು ಹೊರಕ್ಕೆ ಎಳೆಯುತ್ತಾನೆ. ಅವನೇ ತಪ್ಪಲಿ, ಅವನೇ ತಿದ್ದಲಿ.

ಪಾಲಕರನ್ನೇ ದೂರಿದರೆ ಅನ್ಯಾಯವಾದೀತು. ಉಪಾಧ್ಯಾಯವೃತ್ತಿಯ ಮೊದಲ ವರ್ಷಗಳಲ್ಲಿ ನಾನು ಹುಡುಗನೊಬ್ಬನಿಗೆ, "ನಿನ್ನ ತಲೆಗೆ ಬೀಜಗಣಿತ ಹತ್ತುವುದಿಲ್ಲ" ಎಂದು ತರಗತಿಯಲ್ಲಿಯೇ ಅಂದುಬಿಟ್ಟೆ. ಅವನು ಎದುರಾಡಲಿಲ್ಲ, ಪುಸ್ತಕವನ್ನು ಮೆಲ್ಲನೆ ಮುಚ್ಚಿದನು. ಆ ವರ್ಷ ಅವನು ಅದನ್ನು ಮತ್ತೆ ತೆರೆದುದನ್ನು ನಾನು ಕಾಣಲಿಲ್ಲ.