ಬಾಗಿದ ದಾರಿ ಹೇಳುವ ಕಥೆ

ದೂರದ ನಕ್ಷತ್ರಲೋಕದಿಂದ ಸೂಕ್ಷ್ಮ ಕಣಗಳ ಮಳೆ ಹಗಲಿರುಳೆನ್ನದೆ ಭೂಮಿಯತ್ತ ಸುರಿಯುತ್ತಲೇ ಇದೆ. ಇವೇ ವಿಶ್ವಕಿರಣಗಳು. ಹೆಸರು ಕಿರಣವಾದರೂ ಇವು ಬೆಳಕಲ್ಲ. ಬಹುಪಾಲು ಪ್ರೋಟಾನುಗಳು, ಜೊತೆಗೆ ಹೀಲಿಯಂ ಮುಂತಾದವುಗಳ ನ್ಯೂಕ್ಲಿಯಸ್ಸುಗಳು, ಒಂದಿಷ್ಟು ಎಲೆಕ್ಟ್ರಾನುಗಳು. ಅಪರೂಪಕ್ಕೆ ಪ್ರತಿದ್ರವ್ಯದ ಕಣಗಳೂ ಬರುತ್ತವೆ.

ಪ್ರತಿದ್ರವ್ಯವೆಂದರೇನು? ಎಲೆಕ್ಟ್ರಾನಿನಷ್ಟೇ ತೂಕವಿದ್ದು, ಧನ ವಿದ್ಯುದಾವೇಶ ಹೊತ್ತ ಪಾಸಿಟ್ರಾನ್ ಇದಕ್ಕೆ ಉದಾಹರಣೆ. ದ್ರವ್ಯ, ಪ್ರತಿದ್ರವ್ಯ ಸಂಧಿಸಿದರೆ ಎರಡೂ ಅಳಿದು ಶಕ್ತಿಯಾಗುತ್ತವೆ. ವಿಶ್ವ ಹುಟ್ಟಿದಾಗ ಎರಡೂ ಸಮಸಮವಾಗಿದ್ದವೆಂಬುದು ವಿಜ್ಞಾನಿಗಳ ಎಣಿಕೆ. ಹಾಗಾದರೆ ನಾವು ಉಳಿದದ್ದು ಹೇಗೆ? ಪ್ರತಿದ್ರವ್ಯ ಹೋಯಿತೆಲ್ಲಿ?

ಇದನ್ನು ನೆಲದ ಮೇಲೆ ಕುಳಿತು ಪರೀಕ್ಷಿಸುವುದು ಕಷ್ಟ. ಹೊರಗಿನಿಂದ ಬಂದ ಕಣ ವಾತಾವರಣಕ್ಕೆ ಬಡಿದು ಹೊಸ ಕಣಗಳ ತುಂತುರನ್ನೇ ಎಬ್ಬಿಸುತ್ತದೆ. 1932ರಲ್ಲಿ ಅಮೆರಿಕದ ಕಾರ್ಲ್ ಆಂಡರ್ಸನ್ ಮೊದಲ ಪಾಸಿಟ್ರಾನನ್ನು ಕಂಡದ್ದು ಇಂಥ ತುಂತುರಿನಲ್ಲೇ. ಮೂಲ ಕಣವೇ ಬೇಕೆಂದರೆ ಗಾಳಿಯಿಲ್ಲದ ಎತ್ತರಕ್ಕೆ ಏರಬೇಕು.

2011ರ ಮೇ ತಿಂಗಳಲ್ಲಿ ಅಂತರರಾಷ್ಟ್ರೀಯ ಬಾಹ್ಯಾಕಾಶ ನಿಲ್ದಾಣಕ್ಕೆ ಅಳವಡಿಸಿದ ಆಲ್ಫಾ ಮ್ಯಾಗ್ನೆಟಿಕ್ ಸ್ಪೆಕ್ಟ್ರೋಮೀಟರ್ (ಎ.ಎಂ.ಎಸ್.) ಉಪಕರಣದ ಕೆಲಸ ಅದೇ. ಅದರ ಹೃದಯ ಒಂದು ಅಯಸ್ಕಾಂತ. ಅದರ ನಡುವೆ ಹಾಯುವಾಗ ಎಲೆಕ್ಟ್ರಾನ್ ಒಂದು ಕಡೆಗೆ, ಪಾಸಿಟ್ರಾನ್ ಅದಕ್ಕೆ ವಿರುದ್ಧ ದಿಕ್ಕಿಗೆ ಬಾಗುತ್ತದೆ. ಸಿಲಿಕಾನ್ ಹಾಳೆಗಳ ಪದರಗಳು ಆ ದಾರಿಯನ್ನು ಗುರುತಿಸುತ್ತವೆ. ವೇಗ ಹೆಚ್ಚಿದಷ್ಟೂ ಬಾಗು ಕಡಿಮೆ.

ಇಲ್ಲೊಂದು ಕಠಿಣ ನಿರ್ಧಾರ ಎದುರಾಗಿತ್ತು. ಯೋಜನೆಯ ನಾಯಕ, ನೊಬೆಲ್ ಪುರಸ್ಕೃತ ಸ್ಯಾಮ್ಯುಯೆಲ್ ಟಿಂಗ್ ಅವರ ತಂಡ ದ್ರವ ಹೀಲಿಯಂನಿಂದ ತಣಿಸುವ ಅತಿವಾಹಕ ಅಯಸ್ಕಾಂತವನ್ನು ಸಿದ್ಧಪಡಿಸಿತ್ತು. ಬಲವೇನೋ ಹೆಚ್ಚು, ಆದರೆ ಸುಮಾರು ಮೂರು ವರ್ಷಗಳಲ್ಲಿ ಹೀಲಿಯಂ ಮುಗಿದು ಕೆಲಸ ನಿಲ್ಲುತ್ತಿತ್ತು. ಅಪರೂಪದ ಕಣ ಬೇಕೆಂದರೆ ಬಹುಕಾಲ ಕಾಯಬೇಕು. ಆದ್ದರಿಂದ 2010ರಲ್ಲಿ, 1998ರ ಪರೀಕ್ಷಾ ಹಾರಾಟದಲ್ಲಿ ಬಳಸಿದ್ದ ಹಳೆಯ ಶಾಶ್ವತ ಅಯಸ್ಕಾಂತಕ್ಕೇ ಮರಳಿದರು. ಬಲದ ಕೊರತೆಯನ್ನು ಭಾಗಶಃ ತುಂಬಲು ಸಿಲಿಕಾನ್ ಪದರಗಳನ್ನು ಇನ್ನಷ್ಟು ದೂರದೂರಕ್ಕೆ ಜೋಡಿಸಿದರು.

ಆ ನಿರ್ಧಾರ ಫಲಿಸಿತು. ತಂಪುಗೊಳಿಸುವ ಪಂಪುಗಳು ಕೈಕೊಟ್ಟಾಗ 2019ರ ನವೆಂಬರಿನಿಂದ 2020ರ ಜನವರಿಯೊಳಗೆ ಲೂಕಾ ಪರ್ಮಿಟಾನೋ ಮತ್ತು ಆಂಡ್ರ್ಯೂ ಮಾರ್ಗನ್ ನಾಲ್ಕು ಬಾರಿ ನಿಲ್ದಾಣದ ಹೊರಗೆ ಹೋಗಿ ದುರಸ್ತಿ ಮಾಡಿದರು. ಅದುವರೆಗೆ ಬಾಹ್ಯಾಕಾಶದಲ್ಲಿ ಬಿಚ್ಚಿ ಜೋಡಿಸಲೆಂದು ಆ ಉಪಕರಣವನ್ನು ರಚಿಸಿಯೇ ಇರಲಿಲ್ಲ! ಅದು ದಾಖಲಿಸಿದ ವಿಶ್ವಕಿರಣ ಕಣಗಳ ಲೆಕ್ಕ 20,000 ಕೋಟಿಯನ್ನು ದಾಟಿದೆ.

ಅಧಿಕ ಶಕ್ತಿಯ ಪಾಸಿಟ್ರಾನುಗಳು ನಿರೀಕ್ಷೆಗಿಂತ ಹೆಚ್ಚಾಗಿವೆಯೆಂದು ಈ ಎಣಿಕೆ ತೋರಿಸಿದೆ. ಅವು ಪಲ್ಸಾರ್ ನಕ್ಷತ್ರಗಳಿಂದ ಬಂದವೇ, ಕಣ್ಣಿಗೆ ಕಾಣದ ಕಪ್ಪುದ್ರವ್ಯದ ಕುರುಹೇ ಎಂಬ ಚರ್ಚೆ ಮುಗಿದಿಲ್ಲ. ಇಂದು ಶಾಲೆಯಲ್ಲಿ ಅಯಸ್ಕಾಂತದ ಪಾಠ ಓದುತ್ತಿರುವವರಿಗೂ ಅಲ್ಲಿ ಕೆಲಸ ಉಳಿದಿದೆ.